ಮರಿಸಿದ್ದನ ವನ್ಸ್ ಮೋರ್

ಕೂತು ಕೇಳಿ ಮಕ್ಕಳೇ. ನಗು ತಡೆಯದಿದ್ದರೆ ಹೊರಗೆ ಹೋಗಿ ನಕ್ಕು ಬನ್ನಿ, ಕತೆ ಎಲ್ಲೂ ಓಡಿಹೋಗೋದಿಲ್ಲ.

ಮುದ್ದವ್ವ ಅಂತ ಒಬ್ಬಳಿದ್ದಳು. ಅವಳಿಗೊಬ್ಬನೇ ಮಗ, ಮರಿಸಿದ್ದ. ಆಳೇನೋ ತೊಲೆಯ ಹಾಗಿದ್ದ. ಆದರೆ ಹೇಳಿದ್ದನ್ನ ಹೇಳಿದಂಗೇ ಮಾಡೋನು. "ಬಾಗಿಲು ನೋಡ್ಕೊಂಡಿರು" ಅಂದರೆ ಸಂಜೆ ತನಕ ಬಾಗಿಲನ್ನೇ ನೋಡ್ತಾ ಕೂತಿರೋನು, ಹಿತ್ತಲಿಂದ ಕಳ್ಳರು ಕೋಳಿ ಹೊತ್ತುಕೊಂಡು ಹೋದರೂ ತಿರುಗಿ ನೋಡೋನಲ್ಲ.

ಮುದ್ದವ್ವನಿಗೆ ಒಂದೇ ಚಿಂತೆ. "ನಾನು ಕಣ್ಣು ಮುಚ್ಚೋದ್ರೊಳಗೆ ಇವನಿಗೊಂದು ಹೆಣ್ಣು ತರಬೇಕು. 'ಉಣ್ಣು' ಅನ್ನೋರಿಲ್ಲದಿದ್ರೆ ಇವನು ಉಣ್ಣೋದೂ ಇಲ್ಲ."

ಹಿಂಗಿರುವಾಗ ಊರಿಗೆ ನಾಟಕದ ಕಂಪನಿ ಬಂತು. ಆಟದಲ್ಲಿ ರಾಜ ಎದೆಗೆ ಕತ್ತಿ ಚುಚ್ಚಿಸ್ಕೊಂಡು, ಹಾಡ್ತಾ ಹಾಡ್ತಾ ಸತ್ತ. ಜನ "ವನ್ಸ್ ಮೋರ್, ವನ್ಸ್ ಮೋರ್" ಅಂತ ಕೂಗಿದರು. ಸತ್ತ ರಾಜ ಎದ್ದ, ಕೈ ಮುಗಿದ, ಮೀಸೆ ಸರಿಮಾಡ್ಕೊಂಡ, ಮೊದಲಿಂದ ಹಾಡಿ ಇನ್ನೊಂದು ಸಲ ಸತ್ತ.

ಮರಿಸಿದ್ದ ಪಕ್ಕದಲ್ಲಿದ್ದ ಗಾಣದ ಕರಿಯಣ್ಣನನ್ನ ಕೇಳಿದ, "ಹಂಗಂದ್ರೇನಣ್ಣ?"

"ಇಂಗ್ಲಿಷು ಕಣ್ಲಾ. ಚೆಂದ ಆಯ್ತು, ಇನ್ನೊಂದು ಸಲ ಆಗಲಿ ಅಂತ."

ಮನೆಗೆ ಬಂದು ಅವ್ವನಿಗೆ ಒಪ್ಪಿಸಿದ. ಮುದ್ದವ್ವನಿಗೆ ಹಿಗ್ಗೋ ಹಿಗ್ಗು. "ನನ್ನ ಮಗನಿಗೆ ಇಂಗ್ಲಿಷು ಬಂತು. ನಾಕು ಜನ ಸೇರಿದ ಕಡೆ ಅನ್ನಪ್ಪ, ಹೆಣ್ಣು ಕೊಡೋರಿಗೆ ಗೊತ್ತಾಗಲಿ."

"ಹೂಂ ಕಣವ್ವ."

ಮಾರನೇ ವಾರ ಪಕ್ಕದ ಮನೆ ಈರಜ್ಜಿ ಸತ್ತಳು. ಅಂಗಳದ ತುಂಬ ಜನ, ಅಳು. ಈರಜ್ಜಿ ಇವನಿಗೆ ದಿನಾ ಬೆಲ್ಲ ಕೊಡ್ತಿದ್ದೋಳು. ಎದ್ದು ಬರಲಿ ಅಂತ ಇವನು ಚಪ್ಪಾಳೆ ತಟ್ಟಿ, "ಅಜ್ಜಿ, ವನ್ಸ್ ಮೋರ್" ಅಂದ.

ಅಜ್ಜಿ ಏಳಲಿಲ್ಲ. ಅಜ್ಜಿಯ ಮಕ್ಕಳೆಲ್ಲ ಎದ್ದರು. ಕೆರೆ ಏರಿ ತನಕ ಅಟ್ಟಿಸ್ಕೊಂಡು ಹೋದರು.

"ಅಳೋ ಕಡೆ ಅಂತಾರೇನೋ, ಮಂಕೇ?" ಅಂದಳು ಮುದ್ದವ್ವ. "ನಗೋ ಕಡೆ ಅನ್ನು."

"ಹೂಂ ಕಣವ್ವ."

ಅಷ್ಟರಲ್ಲಿ ಪಕ್ಕದೂರಿನ ಬೋರೇಗೌಡ ಗಂಡು ನೋಡೋಕೆ ಬಂದ. ಮಗಳು ಹೊನ್ನಿಗೆ ಗಂಡು ಬೇಕಿತ್ತು. ಬೋರೇಗೌಡ ಅಂದರೆ ಗತ್ತು, ಮನೇಲಿ ಬೆಕ್ಕೂ ಅವನನ್ನ ಕೇಳಿ ಕೆಮ್ಮಬೇಕು. ಮುದ್ದವ್ವ ಸಡಗರಕ್ಕೆ ಅಂಗಳಕ್ಕೆ ಸಗಣಿ ನೀರು ಒಂದಕ್ಕೆರಡು ಸುರಿದಿದ್ದಳು. ಗೌಡ ಹೊಸ ಜೋಡು ಮೆಟ್ಟಿ ಗತ್ತಾಗಿ ಕಾಲಿಟ್ಟ. ಸೊರ್ರನೆ ಜಾರಿ ದೊಪ್ಪನೆ ಬಿದ್ದ. ರುಮಾಲು ಒಂದು ಕಡೆ, ಗೌಡ ಒಂದು ಕಡೆ. ಬೀದಿಗೆ ಬೀದಿಯೇ ನಕ್ಕಿತು.

ನಗೋ ಕಡೆ. ಮರಿಸಿದ್ದ ಮುಂದೆ ಬಂದು ಚಪ್ಪಾಳೆ ತಟ್ಟಿದ. "ವನ್ಸ್ ಮೋರ್."

ಗೌಡ ರುಮಾಲು ಎತ್ಕೊಂಡು ಬಂದ ದಾರೀಲೇ ಹೊರಟುಹೋದ. ಮುದ್ದವ್ವ ಸೆರಗು ಬಾಯಿಗಿಟ್ಟು ಕುಸಿದು ಕೂತಳು.

ಆದರೆ ಸುದ್ದಿ ಹೊನ್ನಿ ಕಿವಿಗೆ ಬಿತ್ತು. ಹುಟ್ಟಿದಾಗಿಂದ ಅಪ್ಪನ ಮುಂದೆ ಹಲ್ಲು ಬಿಡದ ಹುಡುಗಿ, ಒನಕೆ ಬಿಟ್ಟು ನಕ್ಕಳು. "ನನ್ನ ಕೊಟ್ರೆ ಅವನಿಗೇ ಕೊಡಪ್ಪ," ಅಂತ ಅನ್ನ ಬಿಟ್ಟು ಕೂತಳು. ಗೌಡ ಹಲ್ಲು ಕಚ್ಕೊಂಡು ಒಪ್ಪಿದ.

ಗಂಡಿನ ಮನೆ ಅಂಗಳದಲ್ಲೇ ಚಪ್ಪರ. ಮುದ್ದವ್ವ ಮಗನ ಗಲ್ಲ ಹಿಡ್ಕೊಂಡು ಬೇಡಿದಳು, "ಇನ್ನು ಆ ಮಾತು ನೀನು ಆಡಬೇಡ ಕಂದ. ಅದು ನೋಡೋರು ಅನ್ನೋ ಮಾತು. ನೀನು ಹಸೆ ಮೇಲೆ ಕೂರೋನು. ಸೇರಿದ ಜನ ಹೇಳಿದ್ದು ಮಾಡು, ಅಷ್ಟೇ."

"ಹೂಂ ಕಣವ್ವ."

ಕೂರು ಅಂದರು, ಕೂತ. ತಾಳಿ ಕಟ್ಟು ಅಂದರು, ಕಟ್ಟಿದ. ಒಂದೂ ತಪ್ಪಿಲ್ಲ. ಮುದ್ದವ್ವ ಕಣ್ಣೊರೆಸ್ಕೊಂಡಳು. ಅಷ್ಟರಲ್ಲಿ ಚಪ್ಪರದ ಹಿಂದಿನಿಂದ ಗಾಣದ ಕರಿಯಣ್ಣ ತಮಾಷೆಗೆ ಕೂಗಿದ, "ವನ್ಸ್ ಮೋರ್."

ಮರಿಸಿದ್ದ ಎದ್ದ. ಕೈ ಮುಗಿದ. ಮೀಸೆ ಸರಿಮಾಡ್ಕೊಂಡ. ಬಾಸಿಂಗ ಕಟ್ಕೊಂಡೇ ಕೊಟ್ಟಿಗೆಗೆ ಹೋಗಿ, ಒಂದು ಬಿಂದಿಗೆ ಸಗಣಿ ನೀರು ತಂದು ಚಪ್ಪರದ ಬಾಗಿಲಿಗೆ ಸುರಿದ.

"ಏನೋ ಅದು?" ಅಂದ ಗೌಡ.

"ಮೊದಲಿಂದ ಆಗಬೇಕಲ್ಲ ಮಾವ. ಮೊದಲು ನೀವು ಬಿದ್ರಿ. ಬನ್ನಿ, ಬೀಳಿ."

"ಯಾವನೋ ಬೀಳೋನು?" ಅಂತ ಗೌಡ ಕೋಲೆತ್ಕೊಂಡು ನುಗ್ಗಿದ. ಸೊರ್ರನೆ ಜಾರಿ ದೊಪ್ಪನೆ ಬಿದ್ದ. ರುಮಾಲು ಒಂದು ಕಡೆ, ಗೌಡ ಒಂದು ಕಡೆ.

ಚಪ್ಪರವೆಲ್ಲ ಮದುಮಗಳ ಕಡೆ ನೋಡಿತು. ಹೊನ್ನಿ ಹಸೆ ಮೇಲಿಂದ ಎದ್ದು ನಿಂತಳು. ತಾಳಿ ಮೇಲೆ ಕೈಯಿಟ್ಕೊಂಡು, ಕಣ್ಣಲ್ಲಿ ನೀರು ಬರೋ ಹಂಗೆ ನಗ್ತಾ, ಗಂಡನಿಗೆ ಅಂದಳು, "ವನ್ಸ್ ಮೋರ್."

ಮರಿಸಿದ್ದ ಬಿಂದಿಗೆ ಎತ್ಕೊಂಡು ಕೊಟ್ಟಿಗೆ ಕಡೆ ಹೊರಟ. ಆಮೇಲೆ ಗೌಡ ಎಷ್ಟು ಸಲ ಬಿದ್ದನೋ ನಾನು ಕಾಣೆ, ಪಾಯಸ ಆರ್ತದೆ ಅಂತ ನಾನು ಎಲೆ ಮುಂದೆ ಕೂತುಬಿಟ್ಟಿದ್ದೆ.