ಇಲಿಗಳ ನಿದ್ದೆ ಬರೆದುಕೊಂಡ ಬೋರಲಿಂಗ

ಚೌಡಮ್ಮನಿಗೆ ಒಬ್ಬನೇ ಮಗ, ಬೋರಲಿಂಗ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ಅವಳ ಕಷ್ಟ. ಹಾಲು ಉಕ್ಕೋದನ್ನ ನೋಡ್ತಿರು ಎಂದರೆ ಕೊನೇ ಹನಿಯವರೆಗೂ ನೋಡುತ್ತಿದ್ದ. ಆಮೇಲೆ, ಚೆನ್ನಾಗಿ ಉಕ್ಕಿತು ಕಣವ್ವ ಎನ್ನುತ್ತಿದ್ದ.

ಪ್ರಾಣಿಗಳ ನಿದ್ದೆ ಅಳೆಯುವ ಪ್ರಯೋಗಾಲಯವೊಂದನ್ನು ಚೌಡಮ್ಮ ಇಪ್ಪತ್ತು ವರ್ಷದಿಂದ ಗುಡಿಸುತ್ತಿದ್ದಳು. ಮಂಡಿ ಸವೆದಿತ್ತು. ಮಗ ಹೇಗೋ ಬಿ.ಎಸ್ಸಿ. ಮುಗಿಸಿದ ಮೇಲೆ, ಅಲ್ಲಿನ ಕುಮುದಿನಿ ಮೇಡಂ ಹತ್ತಿರ ಹೋಗಿ ಇವನಿಗೊಂದು ಕೆಲಸ ಕೊಡಿ ಎಂದು ಬೇಡಿಕೊಂಡಳು. ಶನಿವಾರದವರೆಗೆ ನೋಡುತ್ತೇನೆ ಎಂದರು ಮೇಡಂ. ಮಗ ನಿಂತರೆ ತಾಯಿ ಪೊರಕೆ ಕೆಳಗಿಡಬಹುದು. ಇಲ್ಲದಿದ್ದರೆ ಇಲ್ಲ.

ಅಲ್ಲಿ ಹನ್ನೆರಡು ಇಲಿಗಳಿದ್ದವು. ಇಲಿ ಮಲಗುವುದು ಹಗಲಲ್ಲಿ. ಪ್ರತಿ ಹತ್ತು ನಿಮಿಷಕ್ಕೊಮ್ಮೆ ನಿದ್ದೆಯೋ ಎಚ್ಚರವೋ ನೋಡಿ ಪುಸ್ತಕದಲ್ಲಿ ಬರೆ ಎಂದು ಮೇಡಂ ಹೇಳಿದರು.

ಸೋಮವಾರ ಸಂಜೆ ಪುಸ್ತಕ ತೆರೆದರು. ಮೇಲಿಂದ ಕೆಳಗಿನವರೆಗೂ ಒಂದೇ ಮಾತು: ‘ಎಬ್ಬಿಸಿದೆ. ನಿದ್ದೆಯಲ್ಲಿತ್ತು.’

“ಎಬ್ಬಿಸದೆ ಗೊತ್ತಾಗೋದು ಹೆಂಗೆ ಮೇಡಂ?” ಎಂದ ಬೋರಲಿಂಗ.

ಚೌಡಮ್ಮ ಹಣೆ ಚಚ್ಚಿಕೊಂಡಳು. “ಮಲಗಿರೋ ಜೀವಾನ ಎಬ್ಬಿಸ್ತಾರೇನ್ಲಾ ಪೆದ್ದ? ಬಟ್ಟೆ ಹೊದಿಸು, ಬಾಗಿಲು ಹಾಕು, ಹೊರಗೆ ಕೂತು ಯಾರನ್ನೂ ಬಿಡಬೇಡ.”

“ಆಯ್ತು ಕಣವ್ವ.”

ಮಂಗಳವಾರ ಎರಡು ಗಂಟೆಗೆ, ಪ್ರಯೋಗಕ್ಕೆ ಹಣ ಕೊಡುವ ದೊಡ್ಡವರೊಬ್ಬರು ಬರುವವರಿದ್ದರು. ಮೇಡಂ ಊಟ ಮಾಡಿ ಮೇಜಿನ ಮೇಲೆ ತಲೆಯಿಟ್ಟರು, ಹಾಗೇ ಜೊಂಪು ಹತ್ತಿತು. ಬೋರಲಿಂಗ ಪಂಜರದ ಕರಿಬಟ್ಟೆ ತಂದು ಹೊದಿಸಿದ. ಬಾಗಿಲು ಎಳೆದು ಹೊರಗಿನಿಂದ ಚಿಲಕ ಹಾಕಿದ. ದೊಡ್ಡವರು ಬಂದಾಗ ತುಟಿಗೆ ಬೆರಳಿಟ್ಟು ವಾಪಸ್ಸು ಕಳಿಸಿದ. ಒಳಗಿನಿಂದ ದಬದಬ ಸದ್ದಾಯಿತು. ಮೇಡಂಗೆ ಏನೋ ಕನಸು ಬಿದ್ದಿದೆ ಎಂದು ಸುಮ್ಮನಿದ್ದ.

“ಬಂದೋರ್ನ ಹಂಗೆ ಕಳಿಸ್ತಾರೇನ್ಲಾ?” ಎಂದಳು ಚೌಡಮ್ಮ. “ಬಾಗಿಲಿಗೆ ಯಾರೇ ಬರಲಿ, ಒಳಗೆ ಕರಿ, ಕೂರಿಸು, ಒಂದು ಲೋಟ ಹಾಲು ಕೊಡು.”

“ಆಯ್ತು ಕಣವ್ವ.”

ಬುಧವಾರ ಬಾಗಿಲಿಗೆ ಬಂದದ್ದು ಒಂದು ಬೆಕ್ಕು. ಒಳಗೆ ಕರೆದ. ಪಂಜರಗಳ ಎದುರಿನ ಕುರ್ಚಿಯಲ್ಲಿ ಕೂರಿಸಿದ. ಹಾಲು ಕೊಟ್ಟ. ಬೆಕ್ಕು ಹಾಲು ಕುಡಿದು ಮೀಸೆ ನೆಕ್ಕಿಕೊಂಡು ಸಂಜೆಯವರೆಗೂ ಇಲಿಗಳನ್ನೇ ನೋಡುತ್ತ ಕೂತಿತು.

ಅಲ್ಲಿಗೆ ನಿದ್ದೆ ಮುಗಿಯಿತು. ಇಲಿಗಳು ಈ ಮೂಲೆಯಿಂದ ಆ ಮೂಲೆಗೆ, ಆ ಮೂಲೆಯಿಂದ ಈ ಮೂಲೆಗೆ. ಬೆಕ್ಕನ್ನು ಓಡಿಸಿದರೂ ಗುರುವಾರ ಅದೇ. ಪುಸ್ತಕದ ತುಂಬ ಎಚ್ಚರ, ಎಚ್ಚರ, ಎಚ್ಚರ. ಮೇಡಂ ಕೂಡ ಈ ಗೋಡೆಯಿಂದ ಆ ಗೋಡೆಗೆ ಓಡಾಡತೊಡಗಿದರು. ದೊಡ್ಡವರು ಶುಕ್ರವಾರ ಮತ್ತೆ ಬರುತ್ತೇನೆಂದಿದ್ದರು. ಇಲಿಯ ತಲೆಗೆ ವೈರು ಅಂಟಿಸಿದರೆ ಯಂತ್ರ ಕಾಗದದ ಮೇಲೆ ಗೆರೆ ಎಳೆಯುತ್ತದೆ. ಗೆರೆ ಸಣ್ಣಗೆ ನಡುಗಿದರೆ ಎಚ್ಚರ, ಅಗಲವಾಗಿ ಅಲೆಯಂತೆ ಹೋದರೆ ನಿದ್ದೆ. ಆ ಅಲೆಯೊಂದನ್ನು ಅವರಿಗೆ ತೋರಿಸಬೇಕಿತ್ತು.

“ವೈರು ಅಂಟಿಸುವ ಏಳನೇ ಇಲಿ ನಾಳೆ ಮಲಗಲೇಬೇಕು. ಇಲ್ಲದಿದ್ದರೆ ಶನಿವಾರ ನೀನು ಬರಬೇಡ,” ಎಂದರು ಮೇಡಂ.

ಅಂದು ಚೌಡಮ್ಮ ಬೈಯಲಿಲ್ಲ. ಮಂಡಿಗೆ ಎಣ್ಣೆ ತಿಕ್ಕುತ್ತ ಹೇಳಿದಳು: “ಕೂಸಾಗಿದ್ದಾಗ ನೀನೂ ಹಿಂಗೇ ಮಲಗ್ತಿರಲಿಲ್ಲ. ಪಕ್ಕದಲ್ಲಿ ಮಲಕ್ಕೊಂಡು ಮೊದಲು ನಾನು ನಿದ್ದೆ ಮಾಡ್ತಿದ್ದೆ. ನನ್ನ ನೋಡಿ ನೀನು ಮಲಗ್ತಿದ್ದೆ. ಹಂಗೇ ಮಾಡು.”

“ಆಯ್ತು ಕಣವ್ವ.”

ಶುಕ್ರವಾರ ಮಧ್ಯಾಹ್ನ ದೊಡ್ಡವರನ್ನು ಕರೆದುಕೊಂಡು ಮೇಡಂ ಬಂದರು. ಯಂತ್ರದ ಬುಡದಲ್ಲಿ ಕಾಗದ ರಾಶಿ ಬಿದ್ದಿತ್ತು. ಅಗಲವಾದ, ನಿಧಾನವಾದ ಅಲೆಗಳು. ದೊಡ್ಡವರು ಕನ್ನಡಕ ಹಾಕಿಕೊಂಡು ಮೊಳ ಮೊಳ ಎಳೆದು ನೋಡಿದರು. ಇಷ್ಟು ಒಳ್ಳೆಯ ನಿದ್ದೆಯನ್ನು ತಾವು ಕಂಡೇ ಇಲ್ಲ, ಯಾವ ಇಲಿ ಇದು ಎಂದು ಕೇಳಿದರು. ವೈರಿನ ಜಾಡು ಹಿಡಿದು ಮೇಜು ಬಳಸಿ ಹೋದರು. ನೆಲದ ಮೇಲೆ, ಇಲಿ ನೋಡಿ ಕಲಿಯಲೆಂದು ಅದರ ವೈರನ್ನು ತನ್ನ ತಲೆಗೇ ಅಂಟಿಸಿಕೊಂಡು ಬೋರಲಿಂಗ ಗೊರಕೆ ಹೊಡೆಯುತ್ತಿದ್ದ. ಅವನ ಎದೆಯ ಮೇಲೆ ಏಳನೇ ಇಲಿ ಕೂತು ಮುಖ ಒರೆಸಿಕೊಳ್ಳುತ್ತಿತ್ತು.

ದೊಡ್ಡವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮನುಷ್ಯರ ನಿದ್ದೆಯನ್ನೂ ಅಳೆಯಿರಿ, ಇವನನ್ನು ಬಿಡಬೇಡಿ ಎಂದರು. ನಾಳೆ ಒಂದು ದಿನ ಇವನು ಸರಿಯಾಗಿ ಮಲಗಿದರೆ ಕೆಲಸ ಖಾಯಂ ಎಂದರು ಮೇಡಂ.

ಚೌಡಮ್ಮ ದೇವರಿಗೆ ದೀಪ ಹಚ್ಚಿದಳು. ಪೊರಕೆಯನ್ನು ಬಾಗಿಲ ಹಿಂದೆ ಇಟ್ಟಳು.

“ಮಲಗೋದ್ರಲ್ಲಿ ಏನ್ಲಾ ತಪ್ಪು ಮಾಡೀಯೆ? ಆದ್ರೂ ಮೇಡಂ ಮೊದಲಿಂದ ಏನೇನು ಹೇಳವ್ರೋ ಎಲ್ಲ ನೆನಪಿಟ್ಕೊ. ಒಂದೂ ಬಿಡಬೇಡ.”

“ಆಯ್ತು ಕಣವ್ವ.”

ಶನಿವಾರ ಮನೆಯ ಅಲಾರಂ ಗಡಿಯಾರವನ್ನು ಕಂಕುಳಲ್ಲಿಟ್ಟುಕೊಂಡು ಹೋದ. ಮೇಡಂ ವೈರು ಅಂಟಿಸಿ, ಬಾಗಿಲು ಹಾಕಿಕೊಂಡು, ತುದಿಗಾಲಲ್ಲಿ ಹೊರಗೆ ಹೋದರು.

ಸಂಜೆ ಕಾಗದ ನೋಡಿದರು. ಒಂದು ಗೇಣಿನಷ್ಟೂ ಒಂದೇ ಸಮನೆ ನಿದ್ದೆ ಇರಲಿಲ್ಲ. ಪುಸ್ತಕ ತೆರೆದರು. ಪ್ರತಿ ಹತ್ತು ನಿಮಿಷಕ್ಕೂ ದುಂಡಗೆ ಬರೆದಿತ್ತು:

‘ಎಬ್ಬಿಸಿದೆ. ಬೋರಲಿಂಗ ನಿದ್ದೆಯಲ್ಲಿದ್ದ.’

ಚೌಡಮ್ಮ ಬಾಗಿಲ ಹಿಂದಿನ ಪೊರಕೆ ತೆಗೆದಳು. ಸೋಮವಾರ ಗುಡಿಸುವುದು ಇದ್ದೇ ಇತ್ತು; ಆದರೆ ಈ ಶನಿವಾರ ಸಂಜೆ ಪೊರಕೆಗೆ ಬೇರೆ ಕೆಲಸವಿತ್ತು.