ಲಂಗದೊಳಗಿನ ಮಡಿಕೆ

ನೀಲಮ್ಮನ ಹೊಲಿಗೆ ಡಬ್ಬಿಗೆ ಹೊಸದಾಗಿ ಬಂದ ಕತ್ತರಿಗೆ ಒಂದು ವಿಷಯ ಎಷ್ಟು ನೋಡಿದರೂ ತಿಳಿಯಲಿಲ್ಲ. ಮಗಳು ಚಂಪಾಳ ಲಂಗದ ಅಂಚನ್ನು ಸೂಜಿ ನಾಲ್ಕು ಬೆರಳಗಲ ಒಳಕ್ಕೆ ಮಡಚಿ ಹೊಲಿಯುತ್ತಿತ್ತು.

"ಸೂಜಿಯಕ್ಕ, ಈ ಮಡಿಕೆಯೊಳಗೆ ಏನು ಬಚ್ಚಿಡುತ್ತಿದ್ದೀರಿ?" ಎಂದು ಕೇಳಿತು ಕತ್ತರಿ.

"ಬರುವ ವರ್ಷವನ್ನು," ಎಂದಿತು ಸೂಜಿ.

ಕತ್ತರಿ ಇಣುಕಿ ನೋಡಿತು. ಬಟ್ಟೆಯಲ್ಲದೆ ಬೇರೇನೂ ಕಾಣಲಿಲ್ಲ. "ಸುಮ್ಮನೆ ಬಟ್ಟೆ ದಂಡವಲ್ಲವೇ? ನಿನ್ನೆ ನಾನು ಕತ್ತರಿಸಿದ ಚಂಪಾಳ ತಮ್ಮನ ಅಂಗಿ ನೋಡಿ. ಒಂದೆಳೆಯೂ ಹೆಚ್ಚಿಲ್ಲ, ಮೈಗೆ ಎರಕ ಹೊಯ್ದಂತೆ ಕೂತಿದೆ. ಅಪ್ಪಣೆಯಾದರೆ ಇದನ್ನೂ ಕತ್ತರಿಸಿಬಿಡುತ್ತೇನೆ."

"ಸ್ವಲ್ಪ ತಾಳು," ಎಂದಿತು ಸೂಜಿ.

ಕತ್ತರಿ ತಾಳಿತು. ಆದರೂ ಡಬ್ಬಿಯ ಮುಚ್ಚಳ ತೆರೆದಾಗಲೆಲ್ಲ ಅದರ ಕಣ್ಣು ಆ ಮಡಿಕೆಯನ್ನೇ ಹುಡುಕುತ್ತಿತ್ತು.

ವರ್ಷ ಕಳೆಯಿತು. ತಮ್ಮನ ಅಂಗಿ ಕಂಕುಳಲ್ಲಿ ಹರಿಯಿತು. ಬಿಚ್ಚಿ ಅಗಲಿಸೋಣವೆಂದರೆ ಒಳಗೆ ಬಟ್ಟೆಯೇ ಇರಲಿಲ್ಲ. ಅದು ಒಲೆಯ ಪಕ್ಕ ಮಸಿಬಟ್ಟೆಯಾಯಿತು. ಚಂಪಾಳ ಲಂಗವೂ ಕಣಕಾಲಿನಿಂದ ಮೇಲಕ್ಕೇರಿತ್ತು. ನೀಲಮ್ಮ ಕತ್ತರಿಯನ್ನೇ ಎತ್ತಿಕೊಂಡು, ಅದರ ತುದಿಯಿಂದ ಮಡಿಕೆಯ ಹೊಲಿಗೆ ಬಿಚ್ಚಿದಳು. ನಾಲ್ಕು ಬೆರಳು ಬಟ್ಟೆ ಕೆಳಗಿಳಿದು ಚಂಪಾಳ ಕಣಕಾಲು ಮುಚ್ಚಿತು. ಬಿಸಿಲನ್ನೇ ಕಾಣದ ಅದರ ಕೆಂಪು ಈಗಷ್ಟೇ ಅಂಗಡಿಯಿಂದ ತಂದಂತಿತ್ತು.

ಆಮೇಲೆ ನೀಲಮ್ಮ ತಮ್ಮನ ಹೊಸ ಅಂಗಿಗೆ ಬಟ್ಟೆ ಹಾಸಿದಳು. ಕತ್ತರಿ ಬಾಯಿ ತೆರೆಯಿತು, ಆದರೆ ಕತ್ತರಿಸಲಿಲ್ಲ.

"ಸೂಜಿಯಕ್ಕ," ಎಂದು ಕೇಳಿತು, "ಹುಡುಗ ಇನ್ನೂ ಎಷ್ಟು ಬೆಳೆಯಬಹುದು?"