ತೊಡೆಮೂಳೆ ಮತ್ತು ರಕ್ತದ ವರದಿ

ನಿವೃತ್ತರಾದ ಮೇಲೆ ವಿಮಲಾಕ್ಷಿ ಟೀಚರು ಹಾಲು, ರಾಗಿ, ಸೊಪ್ಪು ಎಲ್ಲವನ್ನೂ ಬಿಟ್ಟು ಕರಿ ಕಾಫಿ, ರಸ್ಕಿನಲ್ಲೇ ದಿನ ಕಳೆಯುತ್ತಿದ್ದರು. ಆದ್ದರಿಂದ ಅವರ ರಕ್ತ ದಿನವೂ ತೊಡೆಮೂಳೆಯ ಬಳಿ ಬಂದು ಕ್ಯಾಲ್ಸಿಯಂ ಕೇಳುತ್ತಿತ್ತು.

“ಅಣ್ಣಾ, ಸ್ವಲ್ಪ ಕೊಡು. ಹೃದಯ ಬಡಿಯಬೇಕು.”

“ಕೊಡುತ್ತೇನೆ. ಆದರೆ ನಾನು ಒಳಗೇ ಟೊಳ್ಳಾಗುತ್ತಿದ್ದೇನೆ. ಟೀಚರಿಗೆ ಒಂದು ಮಾತು ತಿಳಿಸು.”

“ನಾನು ಹೇಗೆ ತಿಳಿಸಲಿ? ನನ್ನಲ್ಲಿ ಕಡಿಮೆಯಾದರೆ ಮಾತ್ರ ಅವರಿಗೆ ಗೊತ್ತಾಗುತ್ತದೆ; ಆದರೆ ಹಾಗಾದರೆ ಕೈಕಾಲು ಸೆಟೆದುಕೊಳ್ಳುತ್ತವೆ. ನಾನು ಯಾವಾಗಲೂ ತುಂಬಿಕೊಂಡೇ ಇರಬೇಕು.”

ಮೂಳೆ ಕೊಟ್ಟಿತು.

ಒಂದು ಬೆಳಿಗ್ಗೆ ಟೀಚರು ರಕ್ತಪರೀಕ್ಷೆಗೆ ಹೋದರು. ಕ್ಯಾಲ್ಸಿಯಂ ಸರಿಯಾಗಿದೆ ಎಂದು ವರದಿ ಬಂತು.

“ನೋಡಿದೆಯಾ?” ಎಂದು ರಕ್ತ ಬೀಗಿತು. “ನನ್ನ ಹೆಸರಿನಲ್ಲಿ ಒಂದು ಕಪ್ಪುಚುಕ್ಕೆಯೂ ಇಲ್ಲ.”

“ಆ ಕ್ಯಾಲ್ಸಿಯಂ ಎಲ್ಲಿಂದ ಬಂತು ಎಂದು ಬರೆದಿದ್ದಾರೆಯೇ?”

“ಅದನ್ನು ಯಾರೂ ಕೇಳಲಿಲ್ಲ.”

ವರದಿ ಹಿಡಿದು ನೆಮ್ಮದಿಯಿಂದ ಮೆಟ್ಟಿಲಿಳಿಯುತ್ತಿದ್ದ ಟೀಚರ ಕಾಲು ತುಸು ಜಾರಿತು. ತೊಡೆಮೂಳೆ ಸೀಮೆಸುಣ್ಣದಂತೆ ಮುರಿಯಿತು.

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, “ಟೀಚರೇ, ಇದು ಎಂದೋ ಗೊತ್ತಾಗಬೇಕಿತ್ತು” ಎಂದರು.

“ನನಗೆ ಯಾರೂ ಹೇಳಲಿಲ್ಲ” ಎಂದರು ಟೀಚರು.

ರಕ್ತಕ್ಕೆ ಈ ಮಾತು ಕೇಳಿಸಿಕೊಳ್ಳಲು ಪುರಸೊತ್ತಿರಲಿಲ್ಲ. ಅದಾಗಲೇ ಬೆನ್ನುಮೂಳೆಯ ಬಾಗಿಲು ತಟ್ಟುತ್ತಿತ್ತು.